ಮುದ್ದೆ ಬಿಟ್ಟ ವಾರ

"ಮುದ್ದೆ ಬೇಡ ಅಮ್ಮ," ಎಂದು ಪುಷ್ಪಾ ತಟ್ಟೆಗೆ ಅಂಗೈ ಅಡ್ಡ ಹಿಡಿದಳು. ಗೆಳತಿಯ ತಾಯಿ ಚೆಲುವಮ್ಮನ ಕೈಯಲ್ಲಿದ್ದ ಮುದ್ದೆ ಹಬೆಯಾಡುತ್ತ ಅಲ್ಲೇ ನಿಂತಿತು.

"ಚಿಕ್ಕದೇ ಕಟ್ಟಿವ್ನಿ ಕಣವ್ವ."

"ಇಲ್ಲ... ಡಯಟ್ ಮಾಡ್ತಿದೀನಿ."

"ಅನ್ನ?"

"ಅದೂ ಬೇಡ."

"ಬೇಳೆಸಾರಾದ್ರೂ ಒಂದ್ ಲೋಟ ಕುಡೀರಿ."

ಬೇಳೆಯೂ ಕೂಡದು. ಪುಷ್ಪಾ ತಲೆ ತಗ್ಗಿಸಿದಳು.

ಪೇಲಿಯೋ ಎಂಬ ಆ ಪಥ್ಯ ಶುರುವಾಗುವುದು ನಾಳೆ, ಸೋಮವಾರ. ಆದಿಮಾನವರು ಉಂಡಂತೆ ಉಣ್ಣಬೇಕು ಎನ್ನುತ್ತಿದ್ದರು ವಾಟ್ಸಾಪ್ ಗುಂಪಿನವರು. ಅದಕ್ಕೆ ಮುಂಚಿನ ವಾರವೆಲ್ಲ ತಯಾರಿ. ಧಾನ್ಯ, ಬೇಳೆ, ಹಾಲು, ಬೆಲ್ಲ ಒಂದೊಂದಾಗಿ ಬಿಡಬೇಕು. ಹುಣಸೂರಿನ ಬಾಡಿಗೆ ಕೋಣೆಯಲ್ಲಿದ್ದ ರಾಗಿಹಿಟ್ಟನ್ನು ಪುಷ್ಪಾ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಳು. ಇಪ್ಪತ್ತಾರಕ್ಕೇ ಅವಳಿಗೆ ಸಕ್ಕರೆ ಕಾಯಿಲೆ. ಇಳಿಯದಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಅಮ್ಮ ಗುರುಶಾಂತಮ್ಮ ಮಾತ್ರ ಕಾಯಿಲೆಗಿಂತ ಸುದ್ದಿಗೇ ಹೆಚ್ಚು ಹೆದರಿದ್ದರು. "ಯಾರ್ಗೂ ಬಾಯಿ ಬುಡ್ಬ್ಯಾಡ ಕಣೆ. ಗಂಡು ನೋಡ್ತಾವ್ರೆ. ಕೇಳಿದ್ರೆ ಸಣ್ಣ ಆಗಾಕೆ ಅನ್ನು."

ಗಾವಡಗೆರೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಇದನ್ನೇ ಮನಸ್ಸಿನಲ್ಲಿ ಒಪ್ಪಿಸಿಕೊಂಡು ಬಂದಿದ್ದಳು. ಕಾಲೇಜಿನಲ್ಲಿ ಜೊತೆಗೆ ಪಾಠ ಮಾಡುವ ಸಂಘಮಿತ್ರ ಮೊದಲ ಸಲ ಮನೆಗೆ ಕರೆದಿದ್ದಳು. ಬರುವುದಿಲ್ಲ ಎನ್ನಲು ಬಾಯಿ ಬಂದಿರಲಿಲ್ಲ.

"ಗೊತ್ತಾಯ್ತು ಬುಡಿ," ಎಂದಳು ಚೆಲುವಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಮುದ್ದೆಯನ್ನು ವಾಪಸ್ಸು ಪಾತ್ರೆಗಿಟ್ಟು, ಜಗಲಿಯಲ್ಲಿ ಕೂತಿದ್ದ ಗಂಡನಿಗೆ ಕೂಗಿ ಹೇಳಿದಳು: "ಇಗಾ, ಆ ಎಳನೀರು ಕೊಚ್ಕೊಡಿ ಇವ್ರಿಗೆ." ಆಮೇಲೆ ಮೂಲೆಯಿಂದ ಬಾಳೆಹಣ್ಣಿನ ಚಿಪ್ಪು ತಂದು ಮುಂದಿಟ್ಟಳು.

ಎಳನೀರನ್ನು ಅವರು ಮೊದಲೇ ತಂದಿಟ್ಟಿದ್ದರು.

ಪುಷ್ಪಾ ಎರಡನ್ನೂ ನೋಡಿದಳು. ಓಟಿನ ಕಾಲದಲ್ಲಿ ಕೇರಿಗೆ ಹೋದಾಗ ಅಪ್ಪ ಚನ್ನಬಸವಣ್ಣ ಮುಟ್ಟುತ್ತಿದ್ದುದು ಇವೆರಡನ್ನೇ. ಸಿಪ್ಪೆಯೊಳಗಿನದು, ಚಿಪ್ಪಿನೊಳಗಿನದು, ಅವರ ಕೈ ಸೋಕದ್ದು. ಲಿಂಗಾಯತರ ಮನೆಯ ಹುಡುಗಿ ಬರುತ್ತಾಳೆಂದು ಇವರೂ ಇವೆರಡನ್ನು ಎತ್ತಿಟ್ಟುಕೊಂಡೇ ಒಲೆ ಹಚ್ಚಿದ್ದರು.

"ಹೋದ್ಸಲ ಬಂದಿದ್ ಮೇಷ್ಟ್ರಿಗೆ ಗ್ಯಾಸ್ಟ್ರಿಕ್ಕು. ಅವ್ರ ಹೆಂಡ್ರಿಗೆ ಉಪಾಸ," ಎಂದು ಅಂಕಯ್ಯ ಮಚ್ಚು ಹಿಡಿದುಕೊಂಡೇ ನಕ್ಕ. "ಡಯಟ್ಟು ಇದೇ ಹೊಸ್ದು."

ಸಂಘಮಿತ್ರ ನಗಲಿಲ್ಲ. ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. "ಕಾಲೇಜಲ್ಲಿ ನನ್ ಡಬ್ಬೀಲಿ ಕೈ ಹಾಕ್ತಿದ್ದೆ. ಈ ವಾರ ಅದೂ ಇಲ್ಲ. ನಿಂಗೇ ಅಂತ ಅವ್ವ ಹೊಸ ಪಾತ್ರೆ ತಂದು ಸಾರು ಬೇರೆ ಕಾಯ್ಸವ್ಳೆ. ಬರಾಕಾಗಲ್ಲ ಅಂದಿದ್ರೆ ನಂಗೇನ್ ಬೇಜಾರಾಗ್ತಿತ್ತಾ?"

"ಅಂಗಲ್ಲ ಕಣೆ."

"ಇನ್ನೆಂಗೆ?"

ಇಲ್ಲಿ ಆಡಿದ ಮಾತು ನಾಳೆ ಸ್ಟಾಫ್ ರೂಮಿಗೆ, ಅಲ್ಲಿಂದ ಊರಿಗೆ. ಗಂಡಿನ ಕಡೆಯವರ ಕಿವಿಗೂ ಬೀಳಬಹುದು.

"ನಂಗೆ ಶುಗರ್ ಇದೆ."

ಅಂಕಯ್ಯನ ಮಚ್ಚು ಕಾಯಿಯ ಮೇಲೇ ನಿಂತಿತು.

"ಈ ವಯಸ್ಸಿಗಾ?" ಎಂದಳು ಸಂಘಮಿತ್ರ.

"ಹ್ಞೂಂ. ಮನೇಲಿ ಯಾರ್ಗೂ ಹೇಳ್ಬೇಡ ಅಂದವ್ರೆ. ಮದ್ವೆ..."

ಚೆಲುವಮ್ಮ ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತಳು. "ಮತ್ತೇನವ್ವ ತಿಂತೀರಿ?"

"ಸೊಪ್ಪು, ತರಕಾರಿ, ಬಾದಾಮಿ. ಮೊಟ್ಟೆ, ಕೋಳಿನೂ ತಿನ್ಬೋದಂತೆ. ನಾವು ತಿನ್ನಲ್ಲ."

"ಕೋಳಿ ತಿನ್ಬೋದು, ಮುದ್ದೆ ತಿನ್ಬಾರ್ದಾ?" ಚೆಲುವಮ್ಮ ಕಣ್ಣರಳಿಸಿದಳು. "ಇದ್ಯಾವೋನವ್ವ ಹೇಳ್ಕೊಟ್ಟೋನು, ನಮ್ ಕೇರಿಯೋನಾ?"

ಅಂಕಯ್ಯ ಕೆಮ್ಮು ಬರುವಷ್ಟು ನಕ್ಕ. ಪುಷ್ಪಾಳಿಗೂ ನಗು ಬಂತು, ಅದರ ಹಿಂದೆಯೇ ಅಳು.

"ದಂಟುಸೊಪ್ಪಿನ ಪಲ್ಯ ಐತೆ. ಬೇಳೆ ಹಾಕಿಲ್ಲ," ಎಂದ ಚೆಲುವಮ್ಮ ಒಂದು ಕ್ಷಣ ತಡೆದಳು. "ಆದ್ರೆ ಅದು ನಾವು ದಿನಾ ಮಾಡ್ಕೊಳೋ ಬಾಣ್ಲೀದು."

"ಹಾಕಿ ಅಮ್ಮ."

ಪಲ್ಯ ತಟ್ಟೆಗೆ ಬಿತ್ತು. ಪುಷ್ಪಾ ಬೆರಳಲ್ಲಿ ಒಂದಿಷ್ಟು ಎತ್ತಿಕೊಂಡು ಬಾಯಿಗಿಟ್ಟಳು. ಗಂಟಲಿನಿಂದ ಇಳಿಯುವವರೆಗೂ ಮೂವರ ಕಣ್ಣೂ ಅವಳ ಮೇಲೇ ಇತ್ತು.

"ಉಪ್ಪು ಸರ್ಯಾಗೈತಾ?" ಚೆಲುವಮ್ಮ ಕೇಳಿದಳು. "ಇನ್ನೊಂಚೂರು ಹಾಕುಸ್ಕೊ."

ಸಂಘಮಿತ್ರ ಒಳಗೆ ಹೋಗಿ ತನ್ನ ತಟ್ಟೆ ತಂದು ಕೂತಳು. ಪಕ್ಕದಲ್ಲಲ್ಲ, ಎದುರಿಗೆ, ಪುಷ್ಪಾಳ ಕೈ ತಟ್ಟೆಯಿಂದ ಬಾಯಿಗೆ ಹೋಗುವುದು ಕಾಣುವ ಹಾಗೆ.