ಹೊಸ್ತಿಲವರೆಗಿನ ಹಸಿರು ಬಳೆ

ಮಲಪ್ರಭೆ ಇನ್ನೂ ತನ್ನ ದಾರಿ ಹುಡುಕುತ್ತಿದ್ದ ಕಾಲಕ್ಕೆ ಒಬ್ಬ ರಕ್ಕಸನಿದ್ದನಂತೆ. ಬಿಟ್ಟ ಬಾಣವನ್ನು ನುಂಗಿ ಅದರ ಗುಟ್ಟು ಕಲಿಯುತ್ತಿದ್ದನಂತೆ. ಅದೇ ಬಾಣ ಮರುಸಲ ಅವನಿಗೆ ನಾಟುತ್ತಿರಲಿಲ್ಲ. ನಮ್ಮ ಅಜ್ಜಿ, ನಾವು ಆಯಿ ಎನ್ನುವ ಸಾವಂತ್ರವ್ವ, ಈ ಕಥೆ ಹೇಳುವಾಗ ರಕ್ಕಸನನ್ನು ಬಾದಾಮಿಯ ಬಂಡೆಯಷ್ಟು ದೊಡ್ಡವನೆಂದು ಎಣಿಸಿದ್ದೆ. ಬಾಗಲಕೋಟೆಯ ದವಾಖಾನೆಗೆ ಅವನು ಕಣ್ಣಿಗೂ ಕಾಣದಷ್ಟು ಸಣ್ಣವನಾಗಿ ಬಂದ.

ಅಕ್ಕ ಭಾಗ್ಯಾಳ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದ್ದಳು. ಎಳೆಕೂಸುಗಳ ಐಸಿಯುದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಒಳಗೆ ಹೋಗುವ ತಾಯಂದಿರು ಬಳೆ, ಉಂಗುರ ತೆಗೆದು ಮೊಣಕೈವರೆಗೆ ಸಾಬೂನಿನಿಂದ ತೊಳೆಯಬೇಕು. ಅಕ್ಕನ ಕೈತುಂಬ ಕುಬಸದ, ಅಂದರೆ ಸೀಮಂತದ, ಹಸಿರು ಬಳೆ. ಕೂಸು ಮನೆಯ ಹೊಸ್ತಿಲು ದಾಟುವವರೆಗೆ ತೆಗೆಯಬಾರದು, ದಾಟಿದ ದಿನ ತಾನೇ ತೆಗೆಯುತ್ತೇನೆ ಎಂದು ಆಯಿ ತೊಡಿಸುವಾಗಲೇ ಮಾತು ಕೊಟ್ಟಿದ್ದಳು. ಅಕ್ಕ ಬಳೆಗಳನ್ನು ಮೇಲಕ್ಕೆ ಸರಿಸಿ, ಮೇಲಂಗಿಯ ತೋಳಿನಲ್ಲಿ ಮುಚ್ಚಿ ಒಳಗೆ ಹೋಗುತ್ತಿದ್ದಳು.

ಒಂದು ಮುಂಜಾನೆ ಕೂಸು ಹಾಲು ಒಲ್ಲೆನೆಂದಿತು. ಮೈ ತಣ್ಣಗಾಗಿ ಬೂದಿಬಣ್ಣಕ್ಕೆ ತಿರುಗಿತು. ಡಾಕ್ಟರ್ ನಿಖತ ರಕ್ತವನ್ನು ಪರೀಕ್ಷೆಗೆ ಕಳಿಸಿ ಔಷಧ ಶುರು ಮಾಡಿದರು. ವರದಿ ಬಂದಾಗ ನಮ್ಮನ್ನು ಕರೆದರು. ರಕ್ತಕ್ಕೆ ಸೋಂಕು ತಗುಲಿದೆ, ಎಂದಿನ ಔಷಧಗಳಿಗೆ ಈ ರೋಗಾಣು ಜಗ್ಗುವುದಿಲ್ಲ, ಉಳಿದದ್ದು ಒಂದೇ ಔಷಧ, ಅದು ಮೂತ್ರಪಿಂಡಕ್ಕೆ ಭಾರ, ಆದರೂ ಕೊಡಲೇಬೇಕು ಎಂದರು.

ಅಕ್ಕ ಮೇಲಂಗಿಯ ತೋಳು ಸರಿಸಿ ಬಳೆ ತೋರಿಸಿದಳು. ಇವುಗಳಿಂದಲೇ ಬಂತೇ ಎಂದು ಕೇಳಿದಳು.

“ಎಲ್ಲಿಂದ ಬಂತಂತ ಹೇಳಾಕ ಆಗೂದಿಲ್ರಿ. ನಳದ ನೀರಿಂದ ಇರಬಹುದು, ನಮ್ಮ ಕೈಯಿಂದನೂ ಇರಬಹುದು. ಆದ್ರ ಕೈಯಾಗ ಬಳಿ ಇದ್ರ ಪೂರಾ ಸ್ವಚ್ಛ ಆಗೂದಿಲ್ಲ. ತೆಗದ ಒಳಗ ಬರ್ರಿ.”

ಅಕ್ಕ ತೆಗೆಯಲೊಲ್ಲಳು. ಕೂಸು ಹೀಗಿರುವಾಗ ಆಯಿಯ ಮಾತು ಮುರಿದರೆ ಏನಾದೀತೋ ಎಂಬ ಹೆದರಿಕೆ. ಎದೆಹಾಲು ಹಿಂಡಿ ಕೊಟ್ಟು ಬಾಗಿಲ ಹೊರಗೇ ಕುಳಿತಳು. ನಾನು ಇಳಕಲ್ಲಿನ ಮನೆಯಲ್ಲಿದ್ದ ಆಯಿಗೆ ಫೋನ್ ಮಾಡಿದೆ. ಆಯಿ ಹುನಗುಂದದ ಮೇಲೆ ಹಾದು ಬರುವ ಬಸ್ಸು ಹಿಡಿದು ಬಂದಳು.

“ಖೋಡಿ, ಕೂಸಿನ ಸಲುವಾಗಿ ಬಳಿ ಹಾಕೇನಿ. ಬಳಿ ಸಲುವಾಗಿ ಕೂಸಿನ್ನ ಬಿಟ್ಟ ಕುಂತೀಯಲ್ಲ.”

“ಹೊಸ್ತಿಲಾ ದಾಟೂತನಕ ಅಂತ ನೀನ ಅಂದಿದ್ದಿ, ಆಯಿ.”

“ಈಗೂ ಅಂತೇನಿ. ಇವತ್ತ ಬರೇ ಇಸ್ಕೊಂತೇನಿ. ಹೊಸ್ತಿಲ ಮುಂದ ಮತ್ತ ಏರಸ್ತೇನಿ, ದಾಟಿದ ಮ್ಯಾಲ ನಾನ ತೆಗಿತೇನಿ.”

ಕೈತೊಳೆಯುವಲ್ಲಿ ನೊರೆ ಹಚ್ಚಿ, ಅಕ್ಕನ ಬೆರಳುಗಳನ್ನು ಒತ್ತಿ ಹಿಡಿದು, ಒಂದೂ ಒಡೆಯದಂತೆ ಇಳಿಸಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಅಕ್ಕ ಮೊಣಕೈವರೆಗೆ ತೊಳೆದು ಒಳಗೆ ಹೋದಳು.

ಔಷಧ ನಾಟುತ್ತದೋ ಇಲ್ಲವೋ ಕಾಯಬೇಕಿತ್ತು. ಪಕ್ಕದ ಪೆಟ್ಟಿಗೆಯಲ್ಲಿದ್ದ, ಜೋಹರಾ ಎಂಬಾಕೆಯ ಮಗ ಅದೇ ಸೋಂಕಿಗೆ ತೀರಿಕೊಂಡ. ಅಂದು ಆಯಿ ಜೋಹರಾಳ ಮಗ್ಗುಲಲ್ಲಿ ಕುಳಿತಿದ್ದಳು. ನಮ್ಮ ಕೂಸಿನ ಮೈ ನಿಧಾನಕ್ಕೆ ಬೆಚ್ಚಗಾಯಿತು. ಕೂಸು ಅತ್ತಿತು, ಆಮೇಲೆ ಹಾಲು ಎಳೆಯತೊಡಗಿತು. ಮತ್ತೆ ತೆಗೆದ ರಕ್ತದಲ್ಲಿ ರೋಗಾಣು ಬೆಳೆಯಲಿಲ್ಲ.

ದವಾಖಾನೆಯಿಂದ ಬಿಟ್ಟ ದಿನ ಇಳಕಲ್ಲಿನ ಮನೆಯ ಮುಂದೆ ನೆರೆಮನೆಯ ಗುರುಲಿಂಗವ್ವ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಆಯಿ ತಡೆದಳು.

“ಮೊದಲ ಕೈ ತೊಳ್ಕೊಂಡ ಬಾ. ಮೊಣಕೈತನಕ.”

“ಎವ್ವಾ, ಡಾಕ್ಟರಿಕಿ ಕಲ್ತ ಬಂದೀಯೇನ?” ಎನ್ನುತ್ತಲೇ ಗುರುಲಿಂಗವ್ವ ನಳದ ಕಡೆ ನಡೆದಳು.

ಆಯಿ ಗಂಟು ಬಿಚ್ಚಿ ಅಕ್ಕನ ಕೈಗೆ ಬಳೆ ಏರಿಸಿದಳು. ಅಕ್ಕ ನನ್ನಿಂದ ಕೂಸನ್ನು ಇಸಿದುಕೊಂಡು ಹೊಸ್ತಿಲು ದಾಟಿದಳು. ಪಡಸಾಲೆಯಲ್ಲಿ ಆಯಿ ಸಾಬೂನು ತರಿಸಿ, ಒಂದೊಂದೇ ಬಳೆ ತೆಗೆಯತೊಡಗಿದಳು. ಕೊನೆಯದು ಹೆಬ್ಬೆರಳ ಬುಡದಲ್ಲಿ ತುಸು ಸಿಕ್ಕಿಕೊಂಡಿತು. ಆಮೇಲೆ ಅದೂ ಬಂತು.