ಮಾಕಳಿಯ ತೊಟ್ಟಿಯಲ್ಲಿ ದೀಕ್ಷಾಸ್ನಾನ

ನನ್ನ ಗಂಡ ಪಾಸ್ಟರ್ ದೇವದಾನ ಅವರಿಗೆ ಒಂದು ಹಟವಿತ್ತು. ದೀಕ್ಷಾಸ್ನಾನ ತೆಗೆದುಕೊಳ್ಳುವ ಹುಡುಗ ಹುಡುಗಿಯರು ತಮ್ಮ ಮನೆಯವರನ್ನು ತಾವೇ ಬಾಯಿಬಿಟ್ಟು ಕರೆಯಬೇಕು. "ಕದ್ದು ಮುಳುಗಿಸೋಕೆ ನಾವೇನು ಕಳ್ಳರಾ?" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮಾಕಳಿಯ ಮೂಲೆಯ ಶೀಟಿನ ಶೆಡ್ಡಿನಲ್ಲಿ ಹಾಡಿಕೊಂಡಿರುವ ನಾಲ್ಕು ಜನ ನಾವು. ಇಲ್ಲದ ರಗಳೆಯನ್ನು ಕರೆದು ಮೈಮೇಲೆ ಯಾಕೆ ಎಳೆದುಕೊಳ್ಳಬೇಕು? ನನ್ನ ಮಾತು ಕೇಳುವ ಗಂಡಸಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆ ಸಲ ದೀಕ್ಷೆಗೆ ನಿಂತವಳು ಮಲಕವ್ವ. ಬಿಜಾಪುರದ ಕಡೆಯ ಹುಡುಗಿ, ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಅಣ್ಣ ಯಮನಪ್ಪನೇ ಅವಳನ್ನು ಸಾಕಿದ್ದು. ಪೀಣ್ಯದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು, ಅವನು ಅಲ್ಲಿ ಕಂಬಗಳಿಗೆ ಕಬ್ಬಿಣದ ಸರಳು ಕಟ್ಟುತ್ತಿದ್ದ. ಅವಳಿಗೆ ನಮ್ಮ ಸಭೆಯೂ ಬೇಕು, ಅಣ್ಣನೂ ಬೇಕು. "ಅಣ್ಣಗ ಹೇಳೀನ್ರೀ ಅಮ್ಮಾರ. ಸಿಟ್ಟಿಗೆದ್ದಾನ. ಆದ್ರ ಬರ್ತಾನ," ಎಂದಳು. ಅಷ್ಟು ಹೇಳುವಾಗ ಅವಳ ಮುಖದಲ್ಲಿದ್ದ ಆಸೆ ನೋಡಿ ನಾನು ಬಾಯಿ ಮುಚ್ಚಿಕೊಂಡೆ.

ನಮ್ಮ ಅಂಗಳ ಮೊದಲು ಸಿಮೆಂಟ್ ಬ್ಲಾಕ್ ಮಾಡುವ ಜಾಗವಾಗಿತ್ತು. ಬ್ಲಾಕ್ ನೆನೆಸುತ್ತಿದ್ದ ತೊಟ್ಟಿಯನ್ನೇ ಉಜ್ಜಿ ತೊಳೆದು ದೀಕ್ಷೆಗೆ ಇಟ್ಟುಕೊಂಡಿದ್ದೆವು. ಎದೆಮಟ್ಟ ನೀರು. ಭಾನುವಾರ ಬೆಳಿಗ್ಗೆ ಪಾಸ್ಟರ್ ಅವಳ ಜೊತೆ ಇಳಿದು, "ಹಳೇ ಬಾಳಿಗೆ ಸಾಯ್ತೀಯಮ್ಮ. ಹೊಸ ಬಾಳಿಗೆ ದೇವರು ಎಬ್ಬಿಸ್ತಾನೆ," ಎಂದು ಹೇಳಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಅವಳನ್ನು ಹಿಂದಕ್ಕೆ ಮುಳುಗಿಸಿದರು. ಗೇಟು ಮುರಿದದ್ದು ಆ ಗಳಿಗೆಯಲ್ಲೇ.

ಯಮನಪ್ಪನ ಕೈಯಲ್ಲಿ ಕಬ್ಬಿಣದ ಸರಳು. ಹಿಂದೆ ಅಂಥದೇ ಸರಳು ಹಿಡಿದ ಅವನ ಗಾರೆ ಕೆಲಸದ ಗೆಳೆಯರು. ಅವನ ಕಣ್ಣಿಗೆ ಬಿದ್ದದ್ದು ಒಂದೇ: ತಂಗಿ ನೀರೊಳಗೆ, ಅವಳ ಹಣೆಯ ಮೇಲೆ ಪರಗಂಡಸಿನ ಕೈ. ಚಪ್ಪಲಿ ಸಮೇತ ತೊಟ್ಟಿಗೆ ಹಾರಿದ. ಸರಳು ನನ್ನ ಗಂಡನ ನೆತ್ತಿಗೆ ಬಿತ್ತು. ಅವರು ಕೂಗಲೂ ಇಲ್ಲ, ಹಾಗೇ ಕುಸಿದರು. ಅವನು ಬೆನ್ನ ಮೇಲೆ ಹೊಡೆಯುತ್ತಲೇ ಇದ್ದ. "ನನ್ನ ತಂಗೀನ ನನ್ನಿಂದ ಕಸಗೋತೀಯೇನಲೇ!" ನೀರು ಕೆಂಪಾಯಿತು.

ದಡದ ಮೇಲೆ ಅವನ ಗೆಳೆಯರದೂ ಅದೇ ಕೆಲಸ. ಹಾರ್ಮೋನಿಯಂ ಚೂರುಚೂರು. ನನ್ನ ಕೆನ್ನೆಗೆ ಬಿದ್ದ ಏಟಿಗೆ ಬಾಯೆಲ್ಲ ರಕ್ತ. ಏನಾದರೂ ಆದರೆ ಕೈ ಎತ್ತಬಾರದು ಎಂದು ಪಾಸ್ಟರ್ ಮೊದಲೇ ಎಲ್ಲರಿಂದ ಮಾತು ತೆಗೆದುಕೊಂಡಿದ್ದರು. ಫೋರ್ಜಿಂಗ್ ಫ್ಯಾಕ್ಟರಿಯಲ್ಲಿ ಕಾದ ಕಬ್ಬಿಣ ಬಡಿಯುವ ಪಂಚಾಕ್ಷರಿ, ಹೋದ ವರ್ಷವಷ್ಟೇ ದೀಕ್ಷೆ ಪಡೆದ ದೈತ್ಯ, ಕೈಕಟ್ಟಿಕೊಂಡು ಒದೆ ತಿನ್ನುತ್ತಿದ್ದ. ಅವನ ಹಲ್ಲು ಉದುರಿತು. ಆಗಲೂ ಕೈ ಬಿಚ್ಚಲಿಲ್ಲ.

ಮಲಕವ್ವ ಇನ್ನೂ ನೀರಿನಿಂದ ಎದ್ದೇ ಇಲ್ಲವೆಂದು ನನಗೆ ಆಗ ಹೊಳೆಯಿತು. "ಕೆಳಗೆ ನಿನ್ನ ತಂಗಿ ಅವ್ಳೆ ಕಣೋ ಪಾಪಿ! ಅವರ ಮೈ ಕೆಳಗೆ!"

ಯಮನಪ್ಪ ಬೆಚ್ಚಿ ನಿಂತ. ಪಾಸ್ಟರನ್ನು ಪಕ್ಕಕ್ಕೆ ತಳ್ಳಿ, ಮುಳುಗಿ, ಅವಳನ್ನು ಎತ್ತಿದ. ತುಟಿ ನೀಲಿಯಾಗಿತ್ತು, ಉಸಿರಿರಲಿಲ್ಲ. ಅವನ ಗೆಳೆಯರು ಹೊಡೆಯುವುದು ಬಿಟ್ಟು ಕಲ್ಲಾದರು. ನಾವು ಒಂದಿಬ್ಬರು ಪಾಸ್ಟರನ್ನು ದಡಕ್ಕೆ ಎಳೆದೆವು. ಅಷ್ಟರಲ್ಲಿ ಯಮನಪ್ಪ ತೊಟ್ಟಿಯಿಂದ ಹತ್ತಿ, ಅವಳನ್ನು ತಲೆಕೆಳಗಾಗಿ ಬೆನ್ನ ಮೇಲೆ ಹಾಕಿಕೊಂಡು, ಕಾಲೆರಡನ್ನೂ ಎದೆಗೆ ಅವುಚಿ, ಅಂಗಳದಲ್ಲಿ ಓಡತೊಡಗಿದ.

ಬಾವಿಗೆ ಬಿದ್ದವರ ಹೊಟ್ಟೆಯ ನೀರನ್ನು ಅವರ ಊರಲ್ಲಿ ಹಾಗೆಯೇ ಇಳಿಸುತ್ತಾರಂತೆ. ನಮಗೇನು ಗೊತ್ತು? ಹೆಣ ಮಾಡಿದ್ದು ಸಾಲದೆ ಮೂಟೆಯ ಹಾಗೆ ಹೊತ್ತು ಓಡಿಹೋಗುತ್ತಿದ್ದಾನೆ ಎಂದುಕೊಂಡೆವು. ಅಷ್ಟು ಹೊತ್ತು ತಡೆದುಕೊಂಡಿದ್ದ ಪಂಚಾಕ್ಷರಿ ಬಿದ್ದಿದ್ದ ಸರಳೊಂದನ್ನು ಎತ್ತಿಕೊಂಡ. ಮೊದಲ ಏಟು ಮೊಣಕೈಗೆ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಯಮನಪ್ಪ ಅವಳನ್ನು ಬಿಡಲಿಲ್ಲ. "ತಡಿಯೋ ಯಪ್ಪಾ! ನೀರು ಹೊರಗ ಬರ್ಲಿ, ಆಮ್ಯಾಲ ಕೊಲ್ಲು!" ಎಂದು ಅರಚಿದ. ನಮ್ಮ ಗಲಾಟೆಯಲ್ಲಿ ಆ ಮಾತು ಯಾರ ತಲೆಗೂ ಹೋಗಲಿಲ್ಲ. ಇನ್ನೊಂದು ಏಟು ಕಿವಿಗೆ ಬಿತ್ತು. ಒಂದೇ ಕೈಯಲ್ಲಿ ಅವಳನ್ನು ಹಿಡಿದು ಓಡುತ್ತಲೇ ಇದ್ದ. ಮೊಣಕಾಲಿಗೆ ಏಟು ಬಿದ್ದಾಗ ಬೋರಲು ಬಿದ್ದ. ಅವಳು ಅವನ ಮೇಲೆ ಬಿದ್ದಳು, ಬಾಯಿಂದ ನೀರು ಭಳ್ಳನೆ ಬಂತು, ಕೆಮ್ಮಿದಳು.

ಆಗ ಅರ್ಥವಾಯಿತು. ಪಂಚಾಕ್ಷರಿಯ ಕೈಯಿಂದ ಸರಳು ಜಾರಿತು. ನನಗೆ ನಿಂತಲ್ಲೇ ನಾಚಿಕೆಯಿಂದ ಸಾಯಬೇಕೆನಿಸಿತು.

ಪಾಸ್ಟರ್ ಗೋಡೆಗೆ ಒರಗಿ, ತಲೆಯ ರಕ್ತವನ್ನು ಅಂಗೈಯಲ್ಲಿ ಒತ್ತಿಕೊಂಡು, "ಬಾಮ್ಮ... ಸಭೆ ನಿನ್ನನ್ನ ಸೇರಿಸ್ಕೊಳ್ತದೆ," ಎಂದರು. ನಾನು ಟವೆಲು ಹಿಡಿದು ಹತ್ತಿರ ಹೋದೆ.

ಮಲಕವ್ವ ಟವೆಲು ತೆಗೆದುಕೊಳ್ಳಲಿಲ್ಲ. ಜೋತುಬಿದ್ದಿದ್ದ ಅಣ್ಣನ ಕೈಯನ್ನು ಮಡಿಲಿಗೆ ಎತ್ತಿಕೊಂಡಳು. "ಸತ್ತಾಕಿನ್ನ ದೇವ್ರು ಎಬ್ಬಸ್ತಾನ ಅಂದ್ರಿ. ನಾ ಸತ್ತಿದ್ನಿ. ದೇವ್ರು ಈ ಕೈಲೆ ಎಬ್ಬಿಸಿದ. ನೀವದನ್ನ ಮುರದ್ರಿ."

"ನಿಮ್ಮ ಪಾಸ್ಟರ್‌ನ ತಲಿ ಒಡದಾಂವ ನಾನಽ ಅದೀನಿ, ಸುಮ್ನಿರು," ಎಂದ ಯಮನಪ್ಪ, ನೆಲಕ್ಕೆ ಮುಖ ಮಾಡಿ ಅಳುತ್ತಾ.

ಪಂಚಾಕ್ಷರಿ ಹಲ್ಲು ಉದುರಿದ ಬಾಯಲ್ಲಿ ಏನೋ ತೊದಲುತ್ತಾ ಅವನನ್ನು ಎತ್ತಲು ಬಗ್ಗಿದ.

"ಮುಟ್ಟಬ್ಯಾಡ," ಎಂದಳು ಮಲಕವ್ವ.