ಮುಂದಿನ ಸೀಟಿನ ಎಡಗಾಲು

ಮೊರಾವಾ ನದಿ ಪಕ್ಕದ ಆ ವಿಮಾನ ಕಾರ್ಖಾನೆಯಲ್ಲಿ ಬಾಲದ ವಿನ್ಯಾಸ ಎಂದರೆ ಇಂಜಿನಿಯರ್ ಜಪ್ಲೆಟಲ್ ಎಂಬುದು ಬಹಳ ಕಾಲದಿಂದ ಎಲ್ಲರೂ ಒಪ್ಪಿದ ಮಾತು. 1956ರಲ್ಲಿ ಲುಬೊರ್ ಹ್ರಾಡಿಲ್ ಎಂಬ ಹೊಸ ವಿನ್ಯಾಸಕ ಬಂದ. ಮುಖ್ಯ ವಿನ್ಯಾಸಕರು ಅವನನ್ನು ಬಂದ ವಾರದಲ್ಲೇ ಹೆಸರು ಹಿಡಿದು ಕರೆದರು. ಅವರ ಬಾಯಲ್ಲಿ ಜಪ್ಲೆಟಲ್ ಇನ್ನೂ ‘ಇಂಜಿನಿಯರ್’ ಆಗಿಯೇ ಉಳಿದಿದ್ದ. ಕ್ಯಾಂಟೀನಿನ ಬೊಜೆನಾ ಹ್ರಾಡಿಲ್‌ನ ತಟ್ಟೆಗೆ ಒಂದು ಕ್ನೆಡ್ಲಿಕ್ ಕಡುಬು ಜಾಸ್ತಿ ಹಾಕುವುದೂ ಜಪ್ಲೆಟಲ್‌ನ ಕಣ್ಣಿಗೆ ಬಿದ್ದಿತ್ತು.

ಆಕಾಶದ ಕಸರತ್ತು ಕಲಿಸಲು ತಯಾರಾಗುತ್ತಿದ್ದ ಎರಡು ಸೀಟಿನ ವಿಮಾನಕ್ಕೆ ಇಬ್ಬರೂ ಬಾಲದ ಒಂದೊಂದು ಚುಕ್ಕಾಣಿ ರೂಪಿಸಿದ್ದರು. ಗಿರಕಿ ಹೊಡೆಯುತ್ತ ಬೀಳುವ ವಿಮಾನವನ್ನು ಜಪ್ಲೆಟಲ್‌ನ ಚುಕ್ಕಾಣಿ ಎರಡೂವರೆ ಸುತ್ತಿಗೆ ನಿಲ್ಲಿಸಿತ್ತು. ಇಂದು ಹ್ರಾಡಿಲ್‌ನದರ ಸರದಿ. ಕಡಿಮೆ ಸುತ್ತಿಗೆ ನಿಲ್ಲಿಸಿ ಗೆದ್ದ ಚುಕ್ಕಾಣಿ ದೇಶದ ಎಲ್ಲ ವಿಮಾನ ಕ್ಲಬ್ಬುಗಳಿಗೂ ಹೋಗುತ್ತದೆ.

ತುಂಬಿದ ಭಾರದಲ್ಲಿ ಪರೀಕ್ಷೆಯಾಗಬೇಕಿತ್ತು. ಮುಂದಿನ ಸೀಟಿಗೆ ಮರಳಿನ ಮೂಟೆ ಬೇಡ, ತಾನೇ ಕೂರುತ್ತೇನೆ ಎಂದ ಜಪ್ಲೆಟಲ್.

“ಮೂಟೆ ವಾಂತಿ ಮಾಡಲ್ಲ ಇಂಜಿನಿಯರ್ರೇ, ನೋಡ್ಕೊಳ್ಳಿ,” ಎಂದು ಪೈಲಟ್ ಮಿಕೆಸ್ಕಾ ಹಿಂದಿನ ಸೀಟಿಗೆ ಹತ್ತಿದ. ಅವನು ಹಾರಾಟ ಕಲಿಸುವ ಹಳೆಯ ಬೋಧಕ.

ಮೇಲೇರಿದ ವಿಮಾನ ಎಡಕ್ಕೆ ವಾಲಿ ಗಿರಕಿಗೆ ಬಿತ್ತು. ಎರಡೂ ಸೀಟುಗಳ ಪೆಡಲುಗಳು ಒಂದೇ ತಂತಿಗೆ ಸೇರಿದ್ದವು. ಒಂದು ಸೀಟಿನಲ್ಲಿ ಒತ್ತಿದರೆ ಇನ್ನೊಂದರದ್ದೂ ಚಲಿಸುತ್ತಿತ್ತು; ಬಲದ್ದು ಒಳಹೋದರೆ ಎಡದ್ದು ಮೇಲೇಳುತ್ತಿತ್ತು. ಗಿರಕಿ ನಿಲ್ಲಿಸಲು ಮಿಕೆಸ್ಕಾ ಬಲ ಪೆಡಲ್ ಒತ್ತಿದಾಗ ಜಪ್ಲೆಟಲ್‌ನ ಎಡಗಾಲಿನ ಕೆಳಗಿನ ಪೆಡಲ್ ಮೇಲಕ್ಕೆ ಬರತೊಡಗಿತು. ಚುಕ್ಕಾಣಿ ಗಾಳಿಯನ್ನು ಹಿಡಿದದ್ದು ಆಗಲೇ ಅವನಿಗೆ ತಿಳಿಯಿತು. ಚೆನ್ನಾಗಿಯೇ ಹಿಡಿದಿತ್ತು. ಅವನು ಎಡಗಾಲನ್ನು ಬಿಗಿಯಾಗಿ ಒತ್ತಿದ.

ಒಂದು ಸುತ್ತು. ಎರಡು. ಮೂರು. ಹೊಲಗಳು ದೊಡ್ಡದಾಗುತ್ತ ತಿರುಗಿದವು.

“ಇಂಜಿನಿಯರ್ರೇ, ಕಾಲು,” ಎಂದಿತು ಕಿವಿಯಲ್ಲಿ ಮಿಕೆಸ್ಕಾನ ದನಿ. ಕೂಗಲಿಲ್ಲ.

ಜಪ್ಲೆಟಲ್ ಕಾಲೆತ್ತಿದ. ವಿಮಾನ ಒಂದು ಸುತ್ತೂ ಮುಗಿಸದೆ ನಿಂತು, ಮೂಗು ಎತ್ತಿಕೊಂಡು ನೇರವಾಯಿತು.

ಇಳಿದ ಮೇಲೆ ರೆಕ್ಕೆಯ ಪಕ್ಕದಲ್ಲಿ ಇಬ್ಬರೇ ಇದ್ದರು.

“ಹೆದರಿದ ಹುಡುಗರನ್ನ ತುಂಬಾ ನೋಡಿದೀನಿ,” ಎಂದ ಮಿಕೆಸ್ಕಾ ಕೈಗವಸು ಬಿಚ್ಚುತ್ತ. “ಹೆದರಿದವನು ಎರಡೂ ಕಾಲು ಸೆಟೆಸ್ತಾನೆ. ನೀವು ಒತ್ತಿದ್ದು ಎಡಗಾಲು ಮಾತ್ರ.”

ಜಪ್ಲೆಟಲ್ ಉತ್ತರಿಸುವ ಮೊದಲೇ ಹ್ರಾಡಿಲ್ ಬಾಟಲಿ ಹಿಡಿದು ಓಡಿಬಂದ. ಅವನ ಮುಖ ಬಿಳಿಚಿಕೊಂಡಿತ್ತು. “ಮೂರು ಸುತ್ತು ಎಣಿಸಿದೆ! ನನ್ನ ಚುಕ್ಕಾಣಿ ಕೈಕೊಡ್ತಾ?”

“ಚುಕ್ಕಾಣಿ ಚಿನ್ನದಂಥದ್ದು,” ಎಂದ ಮಿಕೆಸ್ಕಾ. “ಸುತ್ತು ಯಾಕೆ ಹೆಚ್ಚಾಯ್ತು ಅಂತ ಇವರನ್ನೇ ಕೇಳು.”

ಹೇಳಲು ಎರಡೇ ಮಾತಿದ್ದವು: ಬೇಕೆಂದೇ ಒತ್ತಿದೆ, ಇಲ್ಲವೇ ಹೆದರಿದೆ. ಜಪ್ಲೆಟಲ್ ಹೆಚ್ಚು ಯೋಚಿಸಲಿಲ್ಲ.

“ಹೆದರಿಬಿಟ್ಟೆ ಲುಬೊರ್. ಕಾಲು ಪೆಡಲ್ ಮೇಲೇ ಕೂತುಬಿಡ್ತು.”

ಮಿಕೆಸ್ಕಾ ಅವನನ್ನೊಮ್ಮೆ ನೋಡಿ, ಮೆಕ್ಯಾನಿಕ್ ಕಡೆಗೆ ತಿರುಗಿದ. “ಮಧ್ಯಾಹ್ನ ಮತ್ತೆ ಹಾರೋಣ. ಮುಂದೆ ಮೂಟೆ ಕಟ್ಟಪ್ಪ.”

ಹ್ರಾಡಿಲ್ ನಗಲಿಲ್ಲ. ಜಪ್ಲೆಟಲ್‌ನ ಭುಜ ಬಳಸಿ ಹಿಡಿದ. “ನಾನಾಗಿದ್ರೆ ಕಿರುಚಿಕೊಂಡೇ ಬಿಡ್ತಿದ್ದೆ. ನನ್ನ ಚುಕ್ಕಾಣಿಗೋಸ್ಕರ ಇಷ್ಟು ಮಾಡಿದ್ರಲ್ಲ ಸಾರ್! ಮೊದಲು ನೀವೇ ಕುಡೀಬೇಕು.”

ಜಪ್ಲೆಟಲ್ ಕುಡಿದ. ಹ್ರಾಡಿಲ್‌ನ ಅಪ್ಪ ಮನೆಯಲ್ಲೇ ಇಳಿಸಿದ ಪ್ಲಮ್ ಸಾರಾಯಿ ಅದು. ಚುಕ್ಕಾಣಿಯ ಹಾಗೆ ಅದೂ ಚೆನ್ನಾಗಿತ್ತು.